ವಿಳಾಸ ನಮ್ಮದು, ಹೆಸರು ಯಾರದು?

ಮನುಷ್ಯನು ಗಳಿಸುವ ಆಸ್ತಿಗಳಲ್ಲಿ ಹೊಲ, ಮನೆ, ಬಂಗಾರಗಳನ್ನು ಕಳ್ಳರಿಂದ ಕಾಯಬಹುದು, ಕಾಗದಪತ್ರ ಮಾಡಿ ಮಕ್ಕಳಿಗೆ ಪಾಲು ಹಾಕಿ ಕೊಡಬಹುದು. ಹೆಸರು ಎಂಬ ಆಸ್ತಿಯ ರೀತಿಯೇ ಬೇರೆ. ಅಜ್ಜನು ತೂಕದಲ್ಲಿ ಮೋಸ ಮಾಡದೆ ನಲವತ್ತು ವರುಷ ಕಾಳಿನ ಅಂಗಡಿ ನಡೆಸಿದ್ದರೆ, ಆ ಮನೆತನದ ಹೆಸರು ಹೇಳಿದೊಡನೆ ಪೇಟೆಯಲ್ಲಿ ಮೊಮ್ಮಗನಿಗೆ ಸರಕು ಉದ್ದರಿ ಸಿಗುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯು ಗಡಿಗೆಗೆ ಎಷ್ಟು ಸತ್ಯವೋ ಹೆಸರಿಗೂ ಅಷ್ಟೇ ಸತ್ಯ. ಇಂಥ ಹೆಸರನ್ನು ಇನ್ನೊಬ್ಬರು ತಮ್ಮ ಅಂಗಡಿಯ ಹಲಗೆಯ ಮೇಲೆ ಬರೆದುಕೊಂಡರೆ ನಮಗೆ ಹೇಗೆನಿಸೀತು ಎಂಬುದನ್ನು ಓದುಗ ಬಂಧುಗಳು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಈ ಲೇಖನದಲ್ಲಿ ನಾವು ನಿವೇದಿಸಲಿರುವ ವಿಷಯ ನೋಡಲು ಹೊಸದಾದರೂ ಅದರ ತಿರುಳು ಇಷ್ಟೇ.

ಕೆಲವು ತಿಂಗಳ ಹಿಂದೆ ನಮಗೆ ಪರಿಚಿತರಾದ ಒಬ್ಬ ಗೃಹಸ್ಥರು ತಮ್ಮ ಮಗನೊಂದಿಗೆ ನಮ್ಮಲ್ಲಿಗೆ ಬಂದರು. ಮಗ ಡಿಪ್ಲೊಮಾ ಓದಿ ತಾಲೂಕು ಪಟ್ಟಣದಲ್ಲಿ ಮೊಬೈಲ್ ದುರಸ್ತಿಯ ಅಂಗಡಿ ಇಟ್ಟಿದ್ದಾನೆ. ಕೈಗುಣ ಒಳ್ಳೆಯದು, ಗಿರಾಕಿಗಳೂ ಇದ್ದಾರೆ. ವ್ಯಾಪಾರ ಬೆಳೆಯಲೆಂದು ಆತ ಅಂತರಜಾಲದಲ್ಲಿ ಒಂದು ತಾಣ ತೆರೆದು, ಜಗತ್ತಿಗೆಲ್ಲ ಗೊತ್ತಿರುವ ಒಂದು ಮೊಬೈಲ್ ಕಂಪನಿಯ ಹೆಸರಿನ ಮುಂದೆ ತನ್ನ ಊರಿನ ಹೆಸರನ್ನು ಜೋಡಿಸಿ ಅದಕ್ಕೆ ವಿಳಾಸ ಮಾಡಿಕೊಂಡಿದ್ದನು. ವರುಷಕ್ಕೆ ಸಾವಿರ ರೂಪಾಯಿಯೂ ಖರ್ಚಿಲ್ಲ. ಎಂಟು ತಿಂಗಳ ತರುವಾಯ ದೆಹಲಿಯ ವಕೀಲರಿಂದ ನೋಟೀಸು ಬಂದಿತು. ಹದಿನೈದು ದಿನಗಳೊಳಗೆ ಆ ಹೆಸರನ್ನು ಬಿಟ್ಟುಕೊಡದಿದ್ದರೆ ದಾವೆ ಹೂಡುವುದಾಗಿ ಅದರಲ್ಲಿ ಬರೆದಿದ್ದಿತು. ತಂದೆಯವರು ಕೇಳಿದ ಪ್ರಶ್ನೆ ನಮ್ಮ ಕಿವಿಯಲ್ಲಿ ಇನ್ನೂ ಇದೆ: “ಗುರುಗಳ, ನಾವು ರೊಕ್ಕಾ ಕೊಟ್ಟು ತೊಗೊಂಡೇವ್ರಿ, ರಸೀದಿ ಐತಿ. ಅದು ಇನ್ನೊಬ್ಬರದು ಹ್ಯಾಂಗಾದೀತ್ರಿ?”

ನಮ್ಮ ವಿದ್ಯಾಭ್ಯಾಸ ನಡೆದುದು ಮಠದಲ್ಲಿ. ನ್ಯಾಯಾಲಯದ ವಿದ್ಯೆ ನಮ್ಮದಲ್ಲ. ಆದರೂ ಆ ಪ್ರಶ್ನೆಗೆ ಉತ್ತರ ತಿಳಿಯದೆ ಅವರನ್ನು ಕಳಿಸಲು ಮನಸ್ಸು ಬಾರದೆ, ಬಲ್ಲ ವಕೀಲರನ್ನು ಕೇಳಿ, ತೀರ್ಪುಗಳನ್ನು ತರಿಸಿ ಓದಿದೆವು. ಮನೆಮನೆಯಲ್ಲಿಯೂ ಮಕ್ಕಳು ಅಂತರಜಾಲದಲ್ಲಿ ಉದ್ಯೋಗ ಹೂಡುತ್ತಿರುವ ಈ ಕಾಲದಲ್ಲಿ ಅದರ ಸಾರವು ಎಲ್ಲರಿಗೂ ತಿಳಿದಿರಲೆಂದು ಇಲ್ಲಿ ಬರೆಯುತ್ತಿದ್ದೇವೆ.

ರಸೀದಿ ಕೊಡುವುದೇನು?

ಅಂತರಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಅಂಕೆಗಳಿಂದಾದ ಒಂದು ವಿಳಾಸವಿರುತ್ತದೆ. ಅಂಕೆಗಳನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟವಾದುದರಿಂದ 1983ರಲ್ಲಿ ಅಮೆರಿಕದ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿಯು ಅಂಕೆಗಳ ಬದಲು ಹೆಸರು ಬಳಸುವ ವ್ಯವಸ್ಥೆಯನ್ನು ರೂಪಿಸಿದರು. ಹೀಗೆ ಹುಟ್ಟಿದುದೇ ಡೊಮೇನ್ ಹೆಸರು. ಡಾಟ್ ಕಾಮ್, ಡಾಟ್ ಇನ್ ಮುಂತಾದ ಬಾಲವಿರುವ ಹೆಸರುಗಳು ಇವೇ. ಮೊದಮೊದಲು ಇವು ಉಚಿತವಾಗಿದ್ದವು. 1995ರ ಸೆಪ್ಟೆಂಬರಿನಿಂದ ಎರಡು ವರುಷಗಳಿಗೆ 100 ಡಾಲರ್ ಶುಲ್ಕ ಬಂದಿತು. ತರುವಾಯ ಸ್ಪರ್ಧೆ ಹೆಚ್ಚಿ ಬೆಲೆ ಇಳಿಯಿತು.

ನೋಂದಣಿ ಮಾಡುವ ಸಂಸ್ಥೆಯು ಕೇಳುವ ಪ್ರಶ್ನೆ ಒಂದೇ: ‘ಈ ಹೆಸರನ್ನು ಇದಕ್ಕೂ ಮೊದಲು ಯಾರಾದರೂ ತೆಗೆದುಕೊಂಡಿದ್ದಾರೆಯೇ?’ ಇಲ್ಲವಾದರೆ ಹಣ ಪಡೆದು ಕೊಟ್ಟುಬಿಡುತ್ತದೆ. ಆ ಹೆಸರಿನ ಮೇಲೆ ಕೇಳಿದವನಿಗೆ ಹಕ್ಕಿದೆಯೇ ಎಂಬುದನ್ನು ಅದು ವಿಚಾರಿಸುವುದಿಲ್ಲ. ಬದಲಾಗಿ, ಆ ಹೊಣೆಯನ್ನು ಕೊಳ್ಳುವವನ ಮೇಲೆಯೇ ಹೊರಿಸುತ್ತದೆ. ನಾವು ಓದದೆ ಒಪ್ಪಿಗೆ ಕೊಡುವ ಕರಾರಿನಲ್ಲಿ ‘ನನಗೆ ತಿಳಿದಮಟ್ಟಿಗೆ ಈ ಹೆಸರು ಇನ್ನೊಬ್ಬರ ಹಕ್ಕಿಗೆ ಚ್ಯುತಿ ತರುವುದಿಲ್ಲ’ ಎಂಬ ಮಾತಿರುತ್ತದೆ. ಅಂದರೆ ತಂದೆಯವರ ಕೈಯಲ್ಲಿದ್ದ ರಸೀದಿಯು ಹಣ ಸಂದಾಯವಾದುದಕ್ಕೆ ಸಾಕ್ಷಿ. ಹೆಸರಿನ ಒಡೆತನಕ್ಕೆ ಸಾಕ್ಷಿಯಾಗಲಾರದು. ಸಂತೆಯಲ್ಲಿ ಜಾಗದ ಬಾಡಿಗೆ ಕಟ್ಟಿದವನು ಆ ಜಾಗದಲ್ಲಿ ಕೂಡ್ರಬಹುದು. ಪಕ್ಕದವನ ಹೆಸರಿನ ಹಲಗೆ ತೂಗುಹಾಕುವ ಅಧಿಕಾರ ಆ ಬಾಡಿಗೆಯಿಂದ ಬಾರದು.

ಹೆಸರಿನ ಒಡೆತನವನ್ನು ನಿರ್ಣಯಿಸುವುದು ವ್ಯಾಪಾರ ಚಿಹ್ನೆಯ, ಅಂದರೆ ಎಲ್ಲರೂ ಟ್ರೇಡ್‌ಮಾರ್ಕ್ ಎನ್ನುವುದರ, ಕಾಯಿದೆ. ನಮ್ಮ ದೇಶದಲ್ಲಿ ಈಗಿರುವುದು 1999ರ ಕಾಯಿದೆ. ಅದು 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದಿತು. ನೋಂದಣಿ ಸಂಸ್ಥೆ ಮೊದಲು ಬಂದವನು ಯಾರೆಂದು ನೋಡುತ್ತದೆ. ಕಾಯಿದೆಯಾದರೋ ಹೆಸರನ್ನು ದುಡಿದು ಗಳಿಸಿದವನು ಯಾರೆಂದು ನೋಡುತ್ತದೆ. ಇವೆರಡರ ನಡುವಿನ ಅಂತರ ತಿಳಿಯದವರೇ ಅಪಾಯಕ್ಕೆ ಸಿಲುಕುತ್ತಾರೆ.

ಅಮೆರಿಕದಲ್ಲಿ ನಡೆದ ಮೊದಲ ಜಗಳಗಳು

1994ರಲ್ಲಿ ಜೋಶುವಾ ಕ್ವಿಟ್ನರ್ ಎಂಬ ಪತ್ರಕರ್ತರು ಮೆಕ್‌ಡೊನಾಲ್ಡ್ಸ್ ಡಾಟ್ ಕಾಮ್ ಎಂಬ ಹೆಸರು ಖಾಲಿ ಇರುವುದನ್ನು ಕಂಡು, ದೊಡ್ಡ ಕಂಪನಿಗಳ ಅಜಾಗರೂಕತೆಯನ್ನು ತೋರಿಸಲೆಂದು ತಾವೇ ನೋಂದಾಯಿಸಿಕೊಂಡರು. ಕೊನೆಗೆ ನ್ಯೂಯಾರ್ಕಿನ ಒಂದು ಶಾಲೆಗೆ ಕಂಪ್ಯೂಟರ್ ಸೌಕರ್ಯಕ್ಕಾಗಿ 3,500 ಡಾಲರ್ ಕೊಡಿಸಿ ಹೆಸರನ್ನು ಕಂಪನಿಗೆ ಒಪ್ಪಿಸಿದರು. ಪ್ರಸಂಗ ಸೌಜನ್ಯದಿಂದ ಮುಗಿಯಿತು.

ಆದರೆ ಎಲ್ಲರೂ ಕ್ವಿಟ್ನರ್ ಆಗಿರಲಿಲ್ಲ. ಇಲಿನಾಯ್ ರಾಜ್ಯದ ಡೆನಿಸ್ ಟೋಪೆನ್ ಎಂಬಾತನು ನೂರಕ್ಕೂ ಹೆಚ್ಚು ಪ್ರಸಿದ್ಧ ಹೆಸರುಗಳನ್ನು ತನ್ನ ಹೆಸರಿಗೆ ಮಾಡಿಕೊಂಡನು. ಅವುಗಳಲ್ಲಿ ಚಲನಚಿತ್ರ ಕ್ಯಾಮೆರಾಗಳನ್ನು ತಯಾರಿಸುವ ಪ್ಯಾನಾವಿಷನ್ ಕಂಪನಿಯದೂ ಒಂದು. ಆ ತಾಣದಲ್ಲಿ ಪಾನಾ ಎಂಬ ಪುಟ್ಟ ಊರಿನ ಚಿತ್ರಗಳನ್ನು ಹಾಕಿ, ತನ್ನದು ಬೇರೆಯೇ ವಿಷಯವೆಂದು ವಾದಿಸಿದನು. ಕಂಪನಿ ಆಕ್ಷೇಪಿಸಿದಾಗ 13,000 ಡಾಲರ್ ಕೇಳಿದನು. ಅದು ನಿರಾಕರಿಸಿದಾಗ ಅದರ ಇನ್ನೊಂದು ಚಿಹ್ನೆಯನ್ನೂ ನೋಂದಾಯಿಸಿದನು. 1998ರಲ್ಲಿ ಮೇಲ್ಮನವಿ ನ್ಯಾಯಾಲಯವು ಆತನ ವಿರುದ್ಧ ತೀರ್ಪು ನೀಡಿತು. ಹೆಸರನ್ನು ಒಡೆಯನಿಗೇ ಮಾರುವುದನ್ನು ವ್ಯಾಪಾರ ಮಾಡಿಕೊಂಡವನಿಗೆ ಊರಿನ ಚಿತ್ರಗಳು ರಕ್ಷಣೆ ಕೊಡಲಿಲ್ಲ. ಮರುವರುಷವೇ, 1999ರ ನವೆಂಬರಿನಲ್ಲಿ, ಅಮೆರಿಕವು ಇದಕ್ಕಾಗಿ ಪ್ರತ್ಯೇಕ ಕಾನೂನು ಮಾಡಿತು. ಅದರಂತೆ ದುರುದ್ದೇಶದಿಂದ ನೋಂದಾಯಿಸಿದ ಒಂದೊಂದು ಹೆಸರಿಗೂ 1,000ದಿಂದ 1,00,000 ಡಾಲರ್‌ವರೆಗೆ ಪರಿಹಾರ ವಿಧಿಸಬಹುದು. ಆ ದೇಶದಲ್ಲಿ ನೆಲೆಸಿರುವ ನಮ್ಮ ಮಕ್ಕಳು ಇದನ್ನು ನೆನಪಿನಲ್ಲಿಡಬೇಕು.

ಬೆಂಗಳೂರಿನಿಂದ ದೆಹಲಿಯವರೆಗೆ ಹೋದ ದಾವೆ

ನಮ್ಮ ದೇಶದಲ್ಲಿಯೂ ಇಂಥ ದಾವೆಗಳು ಬೇಗನೆ ಆರಂಭವಾದವು. ಬೆಂಗಳೂರಿನ ಟೈಟಾನ್ ಕಂಪನಿಯ ‘ತನಿಷ್ಕ್’ ಹೆಸರನ್ನು ಬೇರೊಬ್ಬರು ಡೊಮೇನ್ ಆಗಿ ನೋಂದಾಯಿಸಿದಾಗ 1998ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. 1999ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯವು ‘ಯಾಹೂಇಂಡಿಯಾ ಡಾಟ್ ಕಾಮ್’ ಪ್ರಕರಣವನ್ನು ವಿಚಾರಿಸಿತು. ‘ಯಾಹೂ ಎಂಬುದು ನಿಘಂಟಿನಲ್ಲಿರುವ ಪದ, ಮೇಲಾಗಿ ನಮಗೂ ಆ ಕಂಪನಿಗೂ ಸಂಬಂಧವಿಲ್ಲವೆಂದು ತಾಣದಲ್ಲಿ ಸೂಚನೆ ಹಾಕಿದ್ದೇವೆ’ ಎಂದು ಪ್ರತಿವಾದಿಗಳು ಹೇಳಿದರು. ನ್ಯಾಯಾಲಯವು ಒಪ್ಪಲಿಲ್ಲ. ಹೆಸರು ನೋಡಿ ಒಳಗೆ ಬಂದ ಮೇಲೆ ಸಣ್ಣ ಅಕ್ಷರದ ಸೂಚನೆಯಿಂದ ಆಗಬೇಕಾದ ಗೊಂದಲ ತಪ್ಪುವುದಿಲ್ಲವೆಂಬುದು ಅದರ ಆಶಯ. ಹೆಸರಿಗೆ ‘ಇಂಡಿಯಾ’ ಎಂದೋ ಊರಿನ ಹೆಸರನ್ನೋ ಸೇರಿಸಿದರೆ ಅದು ಹೊಸ ಹೆಸರಾಗುತ್ತದೆಂದು ತಿಳಿದವರು ಈ ತೀರ್ಪನ್ನು ಗಮನಿಸಬೇಕು. ಅಂಥ ಜೋಡಣೆಯಿಂದ ಜನರು ಅದನ್ನು ಮೂಲ ಕಂಪನಿಯ ಸ್ಥಳೀಯ ಶಾಖೆಯೆಂದೇ ಭಾವಿಸುವ ಸಂಭವ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದ ದಾವೆ ಹುಟ್ಟಿದುದು ಬೆಂಗಳೂರಿನಲ್ಲಿ. ಸತ್ಯಂ ಇನ್ಫೋವೇ ಎಂಬ ಕಂಪನಿಯು ತನ್ನ ಹೆಸರಿನ ಅಕ್ಷರಗಳನ್ನು ಕೂಡಿಸಿ ‘ಸಿಫಿ’ ಎಂಬ ಪದ ಕಟ್ಟಿ, 1999ರಲ್ಲಿ ಸಿಫಿನೆಟ್ ಮೊದಲಾದ ಹೆಸರುಗಳನ್ನು ನೋಂದಾಯಿಸಿದ್ದಿತು. 2001ರಲ್ಲಿ ಬೇರೊಂದು ಸಂಸ್ಥೆಯು ಇಂಗ್ಲಿಷಿನ ‘ಎಫ್’ ಅಕ್ಷರವನ್ನು ಒಂದು ಹೆಚ್ಚು ಬರೆದು ‘ಸಿಫ್ಫಿನೆಟ್’ ಎಂಬ ವಿಳಾಸದಲ್ಲಿ ವ್ಯವಹಾರ ತೊಡಗಿತು. ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ಇಬ್ಬರ ವ್ಯವಹಾರ ಬೇರೆಬೇರೆ, ಗೊಂದಲವಾಗದು ಎಂದು ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ತೆರವುಗೊಳಿಸಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು.

ಅಲ್ಲಿ ಎರಡನೆಯ ಸಂಸ್ಥೆಯವರು ತಮ್ಮ ಹೆಸರು ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಆದುದೆಂದು ವಿವರಣೆ ಕೊಟ್ಟರು. 2004ರ ಮೇ 6ರಂದು ಬಂದ ತೀರ್ಪಿನಲ್ಲಿ ನ್ಯಾಯಾಲಯವು ಆ ವಿವರಣೆಯನ್ನು ನಂಬಲಿಲ್ಲ. ಮೊದಲಿನ ತಡೆಯಾಜ್ಞೆಯನ್ನು ಪುನಃ ಸ್ಥಾಪಿಸಿತು. ಡೊಮೇನ್ ಹೆಸರು ಕೇವಲ ವಿಳಾಸವಾಗಿ ಉಳಿದಿಲ್ಲ, ವ್ಯಾಪಾರ ಚಿಹ್ನೆಯ ಎಲ್ಲ ಲಕ್ಷಣಗಳೂ ಅದಕ್ಕೆ ಇರಬಲ್ಲವು ಎಂದು ಹೇಳಿತು. ಡೊಮೇನ್ ಜಗಳಗಳಿಗೆಂದೇ ನಮ್ಮಲ್ಲಿ ಪ್ರತ್ಯೇಕ ಶಾಸನವಿಲ್ಲದಿದ್ದರೂ, ಒಬ್ಬನ ಸರಕನ್ನು ಇನ್ನೊಬ್ಬನದೆಂದು ಸಾಗಹಾಕುವ ವಂಚನೆಯನ್ನು ತಡೆಯುವ ಹಳೆಯ ನ್ಯಾಯತತ್ತ್ವವೇ ಇಲ್ಲಿಯೂ ಅನ್ವಯಿಸುವುದೆಂದು ಸಾರಿತು. ಅಂತರಜಾಲವನ್ನು ಬಳಸುವ ಸಾಮಾನ್ಯನು ಒಂದಕ್ಷರದ ಭೇದವನ್ನು ಗುರುತಿಸದೆ ಒಂದರ ಬದಲು ಇನ್ನೊಂದು ತಾಣಕ್ಕೆ ಹೋಗಬಹುದೆಂಬುದನ್ನು ಅದು ಮುಖ್ಯವಾಗಿ ಎಣಿಸಿತು. ನಮ್ಮ ಮನೆಯ ಹಿರಿಯರು ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿ ಅಕ್ಷರ ಒತ್ತುವುದನ್ನು ಕಂಡವರಿಗೆ ಈ ಮಾತಿನ ಸತ್ಯ ಬೇಗನೆ ಮನವರಿಕೆಯಾದೀತು.

ಸ್ವಂತ ಹೆಸರೇ ಆಗಿದ್ದರೆ?

‘ನನ್ನ ಹೆಸರೇ ಅದು, ಆಗೇನು?’ ಎಂದು ಕೆಲವರು ಕೇಳಬಹುದು. ನಮ್ಮ ಕಾಯಿದೆಯ 35ನೆಯ ಕಲಮು ಪ್ರಾಮಾಣಿಕವಾಗಿ ಸ್ವಂತ ಹೆಸರನ್ನು ಬಳಸುವವನಿಗೆ ರಕ್ಷಣೆ ಕೊಡುತ್ತದೆ. ಆದರೆ ಹಕ್ಕಿದ್ದವನಿಗೂ ಹೋರಾಟ ತಪ್ಪಲಿಕ್ಕಿಲ್ಲ. ಅಮೆರಿಕದ ಉಜಿ ನಿಸ್ಸಾನ್ ಎಂಬ ವ್ಯಾಪಾರಿ ತಮ್ಮ ಮನೆತನದ ಹೆಸರಿನಲ್ಲಿ ಕಂಪ್ಯೂಟರ್ ವ್ಯವಹಾರ ನಡೆಸುತ್ತ 1994ರಲ್ಲಿ ನಿಸ್ಸಾನ್ ಡಾಟ್ ಕಾಮ್ ನೋಂದಾಯಿಸಿದ್ದರು. 1999ರ ಡಿಸೆಂಬರಿನಲ್ಲಿ ಕಾರು ತಯಾರಿಸುವ ನಿಸ್ಸಾನ್ ಕಂಪನಿ ದಾವೆ ಹೂಡಿತು. ವರುಷಗಟ್ಟಲೆ ನಡೆದ ವ್ಯಾಜ್ಯದ ಕೊನೆಗೆ ಹೆಸರು ಅವರಲ್ಲಿಯೇ ಉಳಿಯಿತು. ಆದರೆ ಅವರ ಆಯುಷ್ಯದ ಒಂದು ಭಾಗವೇ ನ್ಯಾಯಾಲಯದಲ್ಲಿ ಕಳೆಯಿತು. 2020ರಲ್ಲಿ ಅವರು ತೀರಿಕೊಂಡರು.

ಕೆನಡಾದ ಮೈಕ್ ರೋ ಎಂಬ ಹದಿನೇಳು ವಯಸ್ಸಿನ ವಿದ್ಯಾರ್ಥಿಯದು ಇನ್ನೊಂದು ಬಗೆ. 2003ರಲ್ಲಿ ಆತ ತನ್ನ ಹೆಸರಿಗೆ ‘ಸಾಫ್ಟ್’ ಎಂಬುದನ್ನು ಸೇರಿಸಿದಾಗ ಅದನ್ನು ಉಚ್ಚರಿಸಿದರೆ ಮೈಕ್ರೋಸಾಫ್ಟ್ ಎಂದೇ ಕೇಳಿಸುತ್ತಿತ್ತು. ಕಂಪನಿಯ ವಕೀಲರು ನೋಂದಣಿಯ ಖರ್ಚಾದ 10 ಡಾಲರ್ ಕೊಡಲು ಬಂದರು. ಹುಡುಗ 10,000 ಕೇಳಿದನು. ಹಣ ಕೇಳಿದ್ದೇ ಆತನ ದುರುದ್ದೇಶಕ್ಕೆ ಸಾಕ್ಷಿಯೆಂದು ಎದುರಿನವರು ವಾದಿಸಿದರು. ಜನರ ಅನುಕಂಪ ಹುಡುಗನ ಕಡೆಗೆ ತಿರುಗಿದ್ದರಿಂದ 2004ರ ಜನವರಿಯಲ್ಲಿ ರಾಜಿಯಾಯಿತು. ಎಲ್ಲರಿಗೂ ಅಂಥ ಅನುಕಂಪ ದೊರೆಯುವುದೆಂದು ನಂಬಿ ಕೂಡ್ರಲಾಗದು.

ನಮ್ಮ ದೇಶದ ಇತ್ತೀಚಿನ ಪ್ರಸಂಗವೂ ಇದನ್ನೇ ಹೇಳುತ್ತದೆ. ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗಬಹುದೆಂದು ಮೊದಲೇ ಊಹಿಸಿದ ದೆಹಲಿಯ ಒಬ್ಬ ತಂತ್ರಜ್ಞ ತರುಣನು 2023ರಲ್ಲಿಯೇ ಎರಡೂ ಹೆಸರುಗಳನ್ನು ಜೋಡಿಸಿ ಡೊಮೇನ್ ಪಡೆದಿದ್ದನು. 2024ರ ಅಕ್ಟೋಬರಿನಲ್ಲಿ ತನ್ನ ಕೇಂಬ್ರಿಜ್ ವ್ಯಾಸಂಗದ ವೆಚ್ಚ ಕೊಟ್ಟರೆ ಹೆಸರನ್ನು ಬಿಟ್ಟುಕೊಡುವುದಾಗಿ ಬಹಿರಂಗವಾಗಿ ಬರೆದನು. ಕಂಪನಿಯು ಒಪ್ಪಲಿಲ್ಲ, ಕಾನೂನುಕ್ರಮದ ಮಾತು ಬಂದಿತು. ಹೆಸರು ಆತನ ಕೈಬಿಟ್ಟು ದುಬೈನಲ್ಲಿರುವ ಇಬ್ಬರು ಮಕ್ಕಳ ಕೈಸೇರಿತು. ಅವರು ಅದನ್ನು ಹಣವಿಲ್ಲದೆಯೇ ಕಂಪನಿಗೆ ಕೊಡುವುದಾಗಿ ಹೇಳಿದರು. ಓದಬೇಕೆಂಬ ತರುಣನ ಹಂಬಲ ಒಳ್ಳೆಯದೇ. ಆದರೆ ಆ ಹಂಬಲವನ್ನು ಇನ್ನೊಬ್ಬರು ಬೆಳೆಸಿದ ಹೆಸರಿನ ಮೇಲೆ ಕಟ್ಟಲು ಹೋದುದರಿಂದ ಅದು ನಿಲ್ಲಲಿಲ್ಲ. ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಎಂಬಂತೆ ಇದು ಆಗಬಾರದು.

ಕಾನೂನು ಇಷ್ಟು ಬಿಗಿ ಏಕೆ?

ದೊಡ್ಡ ಕಂಪನಿಗಳು ಬಡವರ ಮೇಲೆ ಬಲ ತೋರಿಸುತ್ತವೆಂಬ ಭಾವನೆ ಸಹಜ; ಕೆಲವು ಸಲ ಅದು ನಿಜವೂ ಹೌದು. ಆದರೆ ಹೆಸರು ಕಾಯುವ ಕಾನೂನು ಕಂಪನಿಯ ಜೊತೆಗೆ ಗಿರಾಕಿಯನ್ನೂ ಕಾಯುತ್ತದೆ. 2020ರಲ್ಲಿ ಅಮುಲ್ ಹಾಲು ಒಕ್ಕೂಟದವರು ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅಮುಲ್ ಹೆಸರಿಗೆ ‘ಫ್ರಾಂಚೈಸ್’ ಎಂಬ ಪದ ಸೇರಿಸಿದ ತಾಣಗಳನ್ನು ತೆರೆದ ವಂಚಕರು, ಏಜೆನ್ಸಿ ಕೊಡಿಸುವುದಾಗಿ ನಂಬಿಸಿ ಜನರಿಂದ ಹಣ ಕಟ್ಟಿಸಿಕೊಳ್ಳುತ್ತಿದ್ದರು. ಹೀಗೆ ಮೋಸಹೋಗುವವರು ಯಾರು? ನಿವೃತ್ತಿಯ ಹಣವನ್ನು ಮಗನ ಅಂಗಡಿಗೆಂದು ತೆಗೆದಿಟ್ಟ ನಮ್ಮಂಥ ಮನೆಯವರೇ. ಹೆಸರಿನ ಮೇಲಿನ ನಂಬಿಕೆಯಿಂದಲೇ ಅವರು ಹಣ ಕಟ್ಟುತ್ತಾರೆ. ಪ್ರಾಮಾಣಿಕ ದುರಸ್ತಿಗಾರನ ತಾಣಕ್ಕೂ ವಂಚಕನ ತಾಣಕ್ಕೂ ಹೊರಗಿನಿಂದ ಭೇದ ಕಾಣದಿರುವುದರಿಂದ ನ್ಯಾಯಾಲಯಗಳು ಬಿಗಿಯಾಗಿ ನಡೆಯಬೇಕಾಗಿದೆ.

ಜಗಳ ಎಲ್ಲಿ ತೀರುತ್ತದೆ?

ಡಾಟ್ ಕಾಮ್ ಹೆಸರುಗಳಿಗೆ 1999ರಿಂದ ಒಂದು ಅಂತರರಾಷ್ಟ್ರೀಯ ನಿಯಮವಿದೆ. ದೂರು ಕೊಡುವವರು ಮೂರು ಮಾತುಗಳನ್ನು ಸಿದ್ಧಪಡಿಸಬೇಕು: ಹೆಸರು ತಮ್ಮ ಚಿಹ್ನೆಯಂತೆಯೇ ಅಥವಾ ಗೊಂದಲವಾಗುವಷ್ಟು ಹೋಲುವಂತಿದೆ, ಪಡೆದವನಿಗೆ ಅದರಲ್ಲಿ ನ್ಯಾಯವಾದ ಹಿತವಿಲ್ಲ, ದುರುದ್ದೇಶದಿಂದ ನೋಂದಾಯಿಸಿ ಬಳಸಿದ್ದಾನೆ. ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯಲ್ಲಿ ಒಬ್ಬ ನಿರ್ಣಾಯಕರ ಮುಂದೆ ಐದು ಹೆಸರುಗಳವರೆಗಿನ ದೂರಿಗೆ ಶುಲ್ಕ 1,500 ಡಾಲರ್. ಪ್ರತಿವಾದಿಗೆ ಉತ್ತರ ಕೊಡಲು 20 ದಿನ. ಅಲ್ಲಿ ದಂಡವಿಲ್ಲ, ಹೆಸರು ರದ್ದಾಗುತ್ತದೆ ಇಲ್ಲವೆ ಒಡೆಯನಿಗೆ ಹೋಗುತ್ತದೆ. ಡಾಟ್ ಇನ್ ಹೆಸರುಗಳಿಗೆ ನಮ್ಮದೇ ನಿಯಮವಿದೆ. ಅದು ಇನ್ನೂ ಕಠಿಣ. ನೋಂದಣಿಯಾಗಲಿ ಬಳಕೆಯಾಗಲಿ, ಎರಡರಲ್ಲಿ ಒಂದರಲ್ಲಿ ದುರುದ್ದೇಶವಿದ್ದರೂ ಸಾಕು.

ನ್ಯಾಯಾಲಯದ ದಾರಿ ಬೇರೆ. ಕಾಯಿದೆಯ 134ನೆಯ ಕಲಮಿನಂತೆ ನೋಂದಾಯಿತ ಚಿಹ್ನೆಯ ಒಡೆಯನು ತಾನು ವ್ಯವಹಾರ ನಡೆಸುವ ಊರಿನಲ್ಲಿಯೇ ದಾವೆ ಹೂಡಬಹುದು. ಆದುದರಿಂದ ತಾಲೂಕು ಪಟ್ಟಣದ ಅಂಗಡಿಕಾರನು ದೆಹಲಿಗೋ ಮುಂಬಯಿಗೋ ಅಲೆಯಬೇಕಾದೀತು. ಸುಪ್ರಸಿದ್ಧ ಹೆಸರಾಗಿದ್ದರೆ ವ್ಯವಹಾರ ಬೇರೆಯೆಂಬ ನೆಪವೂ ನಡೆಯದು. ಕನ್ನಡ ಲಿಪಿಯಲ್ಲಿ ಬರೆದರೆ ಬಾಧೆಯಿಲ್ಲವೆಂದು ಭಾವಿಸುವುದೂ ತಪ್ಪು. ಕಿವಿಗೆ ಒಂದೇ ತೆರನಾಗಿ ಕೇಳಿಸುವುದನ್ನೂ ನ್ಯಾಯಾಲಯ ಗಮನಿಸುತ್ತದೆ.

ದುರಸ್ತಿ ಮಾಡುವವನಿಗೆ ದಾರಿಯೇ ಇಲ್ಲವೆ?

ಇದೆ. ಮುದ್ರಣಯಂತ್ರ ತಯಾರಿಸುವ ಓಕಿ ಡೇಟಾ ಕಂಪನಿಯ ಹೆಸರಿಗೆ ‘ಪಾರ್ಟ್ಸ್’ ಎಂದು ಸೇರಿಸಿಕೊಂಡಿದ್ದ ಒಬ್ಬ ವ್ಯಾಪಾರಿಯ ಪ್ರಕರಣದಲ್ಲಿ 2001ರಲ್ಲಿ ವ್ಯಾಪಾರಿಯೇ ಗೆದ್ದನು. ಅಂದು ಹೇಳಿದ ನಾಲ್ಕು ನಿಬಂಧನೆಗಳನ್ನು ಅಂತರರಾಷ್ಟ್ರೀಯ ನಿರ್ಣಾಯಕರು ಇಂದಿಗೂ ಬಳಸುತ್ತಾರೆ: ಆ ಸರಕಿನ ವ್ಯವಹಾರ ನಿಜವಾಗಿ ನಡೆದಿರಬೇಕು, ತಾಣದಲ್ಲಿ ಆ ಕಂಪನಿಯ ಸರಕನ್ನು ಮಾತ್ರ ಮಾರಬೇಕು, ಕಂಪನಿಗೂ ತನಗೂ ಇರುವ ಸಂಬಂಧವನ್ನು ಮುಚ್ಚಿಡದೆ ಹೇಳಬೇಕು, ಆ ಹೆಸರಿನ ಎಲ್ಲ ಡೊಮೇನುಗಳನ್ನೂ ಕಟ್ಟಿಹಾಕಬಾರದು. ನಾವು ಆ ತರುಣನ ಎದುರಿಗೆ ಈ ನಾಲ್ಕನ್ನೂ ಇಟ್ಟೆವು. ಆತ ಪ್ರಾಮಾಣಿಕನಾದುದರಿಂದ ತಾನೇ ಎಣಿಸಿ ಹೇಳಿದನು: ವ್ಯವಹಾರ ನಿಜ, ಆದರೆ ಬೇರೆ ಕಂಪನಿಗಳ ಚಾರ್ಜರು, ಕವಚಗಳನ್ನೂ ಅಲ್ಲಿ ಮಾರುತ್ತಿದ್ದಾನೆ, ತಾನು ಅಧಿಕೃತ ಕೇಂದ್ರವಲ್ಲವೆಂದು ಎಲ್ಲಿಯೂ ಬರೆದಿಲ್ಲ, ಕಂಪನಿಯ ಲಾಂಛನವನ್ನೂ ಹಾಕಿದ್ದಾನೆ. “ಅಪ್ಪಾಜಿ, ತಪ್ಪು ನಂದ ಐತಿ” ಎಂದು ತಂದೆಯತ್ತ ತಿರುಗಿದನು. ತಂದೆಯವರು ರಸೀದಿಯನ್ನು ಮಡಿಚಿ ಕಿಸೆಯಲ್ಲಿಟ್ಟರು.

ನಿರ್ಭಯವಾದ ದಾರಿ ಸರಳವಾಗಿದೆ. ವಿಳಾಸದಲ್ಲಿ ಸ್ವಂತ ಹೆಸರಿರಲಿ. ‘ಇಂಥ ಕಂಪನಿಯ ಮೊಬೈಲುಗಳನ್ನು ದುರಸ್ತಿ ಮಾಡುತ್ತೇವೆ, ನಾವು ಅದರ ಅಧಿಕೃತ ಕೇಂದ್ರವಲ್ಲ’ ಎಂದು ಒಳಗೆ ಬರೆಯಲಿ. ಕೆಲಸವನ್ನು ತಿಳಿಸಲು ಅಗತ್ಯವಿರುವಷ್ಟು ಇನ್ನೊಬ್ಬರ ಹೆಸರನ್ನು ಪ್ರಾಮಾಣಿಕವಾಗಿ ಹೇಳಲು 30ನೆಯ ಕಲಮು ಅವಕಾಶ ಕೊಟ್ಟಿದೆ.

ಗೃಹಸ್ಥರು ನೆನಪಿಡಬೇಕಾದ ಮಾತುಗಳು

ಹೆಸರು ಗೊತ್ತುಮಾಡುವ ಮೊದಲು ಕೇಂದ್ರ ಸರಕಾರದ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ತಾಣದಲ್ಲಿ ಹುಡುಕಿ ನೋಡಬೇಕು. ಇದಕ್ಕೆ ಹಣ ಬೇಡ. ಕಾಗುಣಿತ ಬೇರೆಯಾಗಿ ಉಚ್ಚಾರ ಒಂದೇ ಆಗುವ ಹೆಸರುಗಳನ್ನೂ ನೋಡಬೇಕು. ಹೆಸರನ್ನು ಒಡೆಯನಿಗೆ ಮಾರುವ ಆಸೆಯಿಂದ ನೋಂದಾಯಿಸಲೇಬಾರದು; ನೋಟೀಸು ಬಂದ ಮೇಲೆ ಸಿಟ್ಟಿನಲ್ಲಿ ಹಣ ಕೇಳಿ ಪತ್ರ ಬರೆಯಬಾರದು, ಆ ಪತ್ರವೇ ನಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಸುಮ್ಮನೆ ಕುಳಿತರೂ ಅಪಾಯ, ಏಕೆಂದರೆ ಉತ್ತರಿಸದವನ ವಿರುದ್ಧ ತೀರ್ಪು ಸುಲಭವಾಗಿ ಬರುತ್ತದೆ. ಗಡುವಿನೊಳಗೆ ಬಲ್ಲ ವಕೀಲರನ್ನು ಕಾಣಬೇಕು. ನಿಜವಾಗಿಯೂ ಹಕ್ಕಿದ್ದರೆ ಹಳೆಯ ಪಾವತಿ, ಜಾಹೀರಾತು, ಪರವಾನಗಿಗಳನ್ನು ಕೂಡಿಡಬೇಕು. ಮೊದಲಿನಿಂದ ಬಳಸುತ್ತ ಬಂದವನನ್ನು 34ನೆಯ ಕಲಮು ರಕ್ಷಿಸುತ್ತದೆ.

ಇನ್ನೊಂದು ಮಾತು. ನಮ್ಮ ಅಂಗಡಿ, ಖಾನಾವಳಿ, ಗಿರಣಿಗಳ ಹೆಸರುಗಳೂ ಗಳಿಕೆಯ ಹೆಸರುಗಳೇ. ಅವುಗಳನ್ನು ಇನ್ನೊಬ್ಬರು ಎತ್ತಿಕೊಳ್ಳುವ ಮೊದಲು ನಾವೇ ಕಾಪಾಡಿಕೊಳ್ಳಬೇಕು. ಒಬ್ಬ ವ್ಯಕ್ತಿಯು ಒಂದು ವರ್ಗದ ಸರಕಿಗೆ ಅಂತರಜಾಲದ ಮೂಲಕ ಅರ್ಜಿ ಹಾಕಲು 2017ರ ನಿಯಮಗಳಲ್ಲಿ 4,500 ರೂಪಾಯಿ ಶುಲ್ಕ ಗೊತ್ತುಮಾಡಿದೆ. ನೋಂದಣಿಯಾದರೆ ಹತ್ತು ವರುಷ ನಡೆಯುತ್ತದೆ, ಮುಂದೆ ನವೀಕರಿಸಬಹುದು.

ಆ ತರುಣನು ವಕೀಲರ ಮೂಲಕ ಉತ್ತರ ಬರೆದು ಹೆಸರನ್ನು ಬಿಟ್ಟುಕೊಟ್ಟನು, ಕಂಪನಿಯವರು ಮುಂದುವರಿಸಲಿಲ್ಲ. ಹಲಗೆ, ಕಾರ್ಡುಗಳ ಖರ್ಚು ನಷ್ಟವಾಯಿತು. ಹಳೆಯ ವಿಳಾಸ ಬಲ್ಲ ಕೆಲವು ಗಿರಾಕಿಗಳೂ ತಪ್ಪಿಹೋದರು. ಹೊಸ ಹೆಸರು ಏನಿಡಬೇಕೆಂದು ಕೇಳಿದಾಗ ನಾವು ಅವರ ಅಜ್ಜ ನಡೆಸುತ್ತಿದ್ದ ಹಿಟ್ಟಿನ ಗಿರಣಿಯನ್ನು ನೆನಪಿಸಿದೆವು. ಆ ಊರಿನಲ್ಲಿ ಐವತ್ತು ದಾಟಿದವರೆಲ್ಲರಿಗೂ ಅದರ ಹೆಸರು ಗೊತ್ತು. ಈಗ ಅಂಗಡಿಯ ಹಲಗೆಯ ಮೇಲೂ ಅಂತರಜಾಲದ ವಿಳಾಸದಲ್ಲಿಯೂ ಅದೇ ಹೆಸರಿದೆ. ಹೋದ ತಿಂಗಳು ಒಬ್ಬ ಮುದುಕಿ ಕೆಟ್ಟ ಮೊಬೈಲ್ ಹಿಡಿದು ಬಂದು, “ನೀ ಗಿರಣಿ ಅಜ್ಜಾರ ಮೊಮ್ಮಗ ಏನಪಾ?” ಎಂದು ಕೇಳಿ, ಬೆಲೆ ವಿಚಾರಿಸದೆಯೇ ಮೊಬೈಲನ್ನು ಕೊಟ್ಟು ಹೋದಳೆಂದು ಆತ ನಮಗೆ ಬಂದು ಹೇಳಿದನು.